ಏನೂ ತಿನ್ನದ ಬಾಯಿಗೂ ಬ್ರಷ್ ಬೇಕು

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಮೆದುಳಿನಲ್ಲಿ ರಕ್ತಸ್ರಾವವಾಗಿ ಒಂಬತ್ತು ದಿನದಿಂದ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಆರನೇ ದಿನ ನ್ಯುಮೋನಿಯಾ ಶುರುವಾಗಿದೆ ಅಂದರು. ನಿನ್ನೆ ಒಳಗೆ ಹೋದಾಗ ಸಿಸ್ಟರ್ ಒಬ್ಬರು ಅಪ್ಪನ ಹಲ್ಲುಜ್ಜುತ್ತಿದ್ದರು. ಅಪ್ಪ ಜೋರಾಗಿ ಕೆಮ್ಮಿದರು, ಮಿಷನ್ ಕೂಗಿತು, ನನಗೆ ಕೈಕಾಲು ನಡುಗಿಹೋಯಿತು. ಅವರು ಬಾಯಿಂದ ಏನೂ ತಿನ್ನುತ್ತಿಲ್ಲ, ಊಟವೆಲ್ಲ ಮೂಗಿನ ನಳಿಕೆಯಲ್ಲೇ. ಹಾಗಿದ್ದ ಮೇಲೆ ಹಲ್ಲುಜ್ಜುವುದು ಯಾಕೆ? ಮೌತ್‌ವಾಶ್ ಹಚ್ಚಿ ಒರೆಸಿದರೆ ಸಾಲದಾ? ಬಾಯಿಗೂ ನ್ಯುಮೋನಿಯಾಗೂ ಏನು ಸಂಬಂಧ? ಇದು ಆಸ್ಪತ್ರೆಯವರ ತಪ್ಪಾ? ನಾವು ಮಾಡಬಹುದಾದದ್ದು ಏನಾದರೂ ಇದೆಯಾ? ಕತ್ತಿನಲ್ಲಿ ತೂತು ಮಾಡಿ ಟ್ಯೂಬ್ ಹಾಕುವ ಮಾತೂ ನಡೆಯುತ್ತಿದೆ.

ಉತ್ತರ: ಮೊದಲು ಆ ಕೆಮ್ಮಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನಿನ್ನೆ ರಾತ್ರಿ ನಿಮಗೆ ನಿದ್ದೆ ಬಂದಿರಲಿಕ್ಕಿಲ್ಲ. ಬ್ರಷ್ ಹಾಕಿದಾಗ ನಿಮ್ಮ ತಂದೆ ಕೆಮ್ಮಿದ್ದು ಕೆಟ್ಟ ಸೂಚನೆ ಅಲ್ಲ. ಟ್ಯೂಬ್ ಸ್ವಲ್ಪ ಅಲುಗಾಡಿದರೆ ಗಂಟಲಿಗೆ ಗೊತ್ತಾಗುತ್ತದೆ, ಗಂಟಲು ಕೆಮ್ಮುತ್ತದೆ. ಮೆದುಳಿಗೆ ಪೆಟ್ಟಾದವರಲ್ಲಿ ಕೆಮ್ಮು ಉಳಿದಿದೆ ಅನ್ನುವುದನ್ನು ನಾವು ಒಳ್ಳೆಯ ವಿಷಯ ಅಂತಲೇ ಬರೆದಿಡುತ್ತೇವೆ. ಮಿಷನ್ ಕೂಗಿದ್ದೂ ಅದಕ್ಕೇ. ಮಿಷನ್ ಗಾಳಿ ಒಳಗೆ ತಳ್ಳುವ ಹೊತ್ತಿಗೇ ಅವರು ಕೆಮ್ಮಿ ಗಾಳಿ ಹೊರಗೆ ತಳ್ಳಿದರು. ಒತ್ತಡ ಏರಿತು, ಅಲಾರಂ ಬಡಿಯಿತು. ಕೆಮ್ಮು ನಿಂತ ಮೇಲೆ ಅದೂ ಸುಮ್ಮನಾಗಿರಬೇಕು, ಅಲ್ವಾ?

ನಾನು ಐಸಿಯು ನರ್ಸ್. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಈಗ ಹೊಸದಾಗಿ ಬರುವವರಿಗೆ ಬಾಯಿ ಆರೈಕೆ ಕಲಿಸುವುದೂ ನನ್ನ ಜವಾಬ್ದಾರಿ. ನೀವು ಕೇಳಿದ ಪ್ರಶ್ನೆಯನ್ನೇ ಅವರೂ ಮೊದಲ ದಿನ ಕೇಳುತ್ತಾರೆ: ಏನೂ ತಿನ್ನದ ಬಾಯಿ ಗಲೀಜಾಗುವುದು ಹೇಗೆ?

ತಿನ್ನದೇ ಇರುವುದರಿಂದಲೇ ಜಾಸ್ತಿ ಗಲೀಜಾಗುತ್ತದೆ. ಆರೋಗ್ಯವಾಗಿರುವವರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುತ್ತದೆ. ಅದು ಬರೀ ನೀರಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲುವ, ಹಿಡಿದಿಡುವ ಪದಾರ್ಥಗಳು ಅದರಲ್ಲೇ ಇವೆ. ನಾವು ಅಗಿಯುತ್ತೇವೆ, ಮಾತಾಡುತ್ತೇವೆ, ನಾಲಿಗೆಯಿಂದ ಹಲ್ಲು ಸವರಿಕೊಳ್ಳುತ್ತೇವೆ, ನಿಮಿಷಕ್ಕೊಮ್ಮೆಯಾದರೂ ಜೊಲ್ಲು ನುಂಗುತ್ತೇವೆ. ಹೀಗೆ ಬಾಯಿ ದಿನವಿಡೀ ತನ್ನನ್ನು ತಾನೇ ತೊಳೆದುಕೊಳ್ಳುತ್ತಿರುತ್ತದೆ. ವೆಂಟಿಲೇಟರ್ ಮೇಲಿರುವವರಿಗೆ ಇದೆಲ್ಲ ಒಟ್ಟಿಗೇ ನಿಂತುಹೋಗುತ್ತದೆ. ಟ್ಯೂಬ್ ಇರುವುದರಿಂದ ಬಾಯಿ ಹಗಲೂ ರಾತ್ರಿ ತೆರೆದೇ ಇರುತ್ತದೆ, ಒಣಗುತ್ತದೆ. ಕೊಡುವ ಔಷಧಿಗಳಲ್ಲಿ ಕೆಲವು ಜೊಲ್ಲನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಅಗಿಯುವುದಿಲ್ಲ, ಮಾತಿಲ್ಲ, ನುಂಗುವುದೂ ಸರಿಯಾಗಿ ಆಗುವುದಿಲ್ಲ. ಊರಿದ ಅಷ್ಟಿಷ್ಟು ಜೊಲ್ಲು ಗಂಟಲಿನ ಹಿಂದೆ ಮಡುಗಟ್ಟಿ ನಿಲ್ಲುತ್ತದೆ.

ಹಲ್ಲಿನ ಮೇಲೆ ಒಂದು ಅಂಟು ಪದರ ಕೂರುತ್ತದೆ. ದಂತವೈದ್ಯರು ಅದನ್ನು ಪ್ಲಾಕ್ ಅನ್ನುತ್ತಾರೆ. ಬೆಳಗ್ಗೆ ಎದ್ದಾಗ ನಾಲಿಗೆಗೆ ತಾಗುವ ಆ ಜಿಡ್ಡು ಇದೆಯಲ್ಲ, ಅದೇ. ನಾವು ಅದನ್ನು ಉಜ್ಜಿ ತೆಗೆಯುತ್ತೇವೆ. ಇವರಿಗೆ ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತದೆ. ಅಷ್ಟೇ ಆಗಿದ್ದರೆ ಇಷ್ಟು ಚಿಂತೆ ಇರಲಿಲ್ಲ. ಐಸಿಯುಗೆ ಬಂದು ಎರಡು ಮೂರು ದಿನಗಳಲ್ಲಿ ಆ ಪದರದೊಳಗೆ ವಾಸ ಮಾಡುವವರೇ ಬದಲಾಗುತ್ತಾರೆ. ಮನೆಯಲ್ಲಿದ್ದಾಗ ಬಾಯಲ್ಲಿ ಇರುತ್ತಿದ್ದವು ಹೆಚ್ಚಾಗಿ ನಿರುಪದ್ರವಿ ಬ್ಯಾಕ್ಟೀರಿಯಾ. ಅವುಗಳ ಜಾಗಕ್ಕೆ ಸ್ಯೂಡೋಮೋನಾಸ್, ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಸ್ಟೆಫೈಲೋಕಾಕಸ್ ಆರಿಯಸ್ ಮುಂತಾದವು ಬಂದು ಕೂರುತ್ತವೆ. ಕಫದ ರಿಪೋರ್ಟ್ ಬಂದಾಗ ಡಾಕ್ಟರ್ ಬಾಯಲ್ಲಿ ನೀವು ಇವುಗಳಲ್ಲಿ ಯಾವುದಾದರೂ ಒಂದು ಹೆಸರು ಕೇಳಿರಬಹುದು. ಸುಲಭವಾಗಿ ಆಂಟಿಬಯಾಟಿಕ್‌ಗೆ ಬಗ್ಗದ ಜಾತಿಗಳು ಇವು.

ಇವು ಬಾಯಿಂದ ಶ್ವಾಸಕೋಶಕ್ಕೆ ಇಳಿಯುವುದು ಹೇಗೆ? ಇಲ್ಲಿ ಟ್ಯೂಬ್‌ನ ರಚನೆ ಗೊತ್ತಿರಬೇಕು. ಬಾಯಿಂದ ಹೋದ ಟ್ಯೂಬ್ ಧ್ವನಿಪೆಟ್ಟಿಗೆಯನ್ನು ದಾಟಿ ಶ್ವಾಸನಾಳದೊಳಗೆ ನಿಂತಿರುತ್ತದೆ. ಅದರ ತುದಿಯ ಹತ್ತಿರ ಹೊರಮೈಗೆ ಒಂದು ಚಿಕ್ಕ ಬಲೂನು ಇದೆ. ನಾವು ಅದನ್ನು ಕಫ್ ಅನ್ನುತ್ತೇವೆ. ಎದೆಯ ಕಫ ಅಲ್ಲ, ಕಫ್. ಗೊಂದಲ ಬೇಡ ಅಂತ ಇಲ್ಲಿ ಬಲೂನು ಅಂತಲೇ ಬರೆಯುತ್ತೇನೆ. ಅದಕ್ಕೆ ಗಾಳಿ ತುಂಬಿದರೆ ಶ್ವಾಸನಾಳದ ಗೋಡೆಗೆ ಒತ್ತಿ ಕೂರುತ್ತದೆ. ಮಿಷನ್ ಕಳಿಸಿದ ಗಾಳಿ ಮೇಲಕ್ಕೆ ಸೋರುವುದಿಲ್ಲ. ಬಾಯಿಯ ಜೊಲ್ಲು ಕೆಳಗೆ ಇಳಿಯಬಾರದು, ಅದೂ ಇದರ ಕೆಲಸವೇ. ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ಪೂರ್ತಿ ಮಾಡಲು ಆಗುವುದಿಲ್ಲ. ಬಲೂನು ಉಬ್ಬಿದಾಗ ಅದರ ಮೈಯಲ್ಲಿ ಸಣ್ಣ ಸಣ್ಣ ಮಡಿಕೆಗಳು ಬೀಳುತ್ತವೆ. ಬಲೂನಿನ ಮೇಲೆ ಕೊಳದಂತೆ ನಿಂತ ಜೊಲ್ಲು ಆ ಮಡಿಕೆಗಳ ಸಂದಿಯಲ್ಲಿ ಹನಿಹನಿಯಾಗಿ ಕೆಳಗೆ ಜಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮಾನಿಟರ್‌ನಲ್ಲೂ ಗೊತ್ತಾಗುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವವರು ಆ ಹನಿಯನ್ನು ಕೆಮ್ಮಿ ಹೊರಗೆ ಹಾಕುತ್ತಿದ್ದರು. ಟ್ಯೂಬ್ ಇರುವವರಿಗೆ ಕೆಮ್ಮಿದರೂ ಅದು ಬಾಯಿತನಕ ಬರುವುದಿಲ್ಲ.

ಬಲೂನಿಗೆ ಇನ್ನಷ್ಟು ಗಾಳಿ ತುಂಬಿ ಬಿಗಿ ಮಾಡಬಾರದಾ ಅಂತ ನಿಮಗೆ ಅನಿಸಬಹುದು. ಆಗುವುದಿಲ್ಲ. ಒತ್ತಡ ಜಾಸ್ತಿಯಾದರೆ ಶ್ವಾಸನಾಳದ ಒಳಪೊರೆಗೆ ರಕ್ತ ಹರಿಯುವುದು ನಿಂತು ಹುಣ್ಣಾಗುತ್ತದೆ. ಅದಕ್ಕೇ 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡದ ನಡುವೆ ಇಡುತ್ತೇವೆ, ಪ್ರತಿ ಶಿಫ್ಟ್‌ನಲ್ಲೂ ಮೀಟರ್ ಹಚ್ಚಿ ನೋಡುತ್ತೇವೆ. ಬೆರಳಿನಿಂದ ಒತ್ತಿ ಅಂದಾಜು ಮಾಡಿದರೆ ಸಾಲದು.

ಜಿನುಗುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ ಅಂದ ಮೇಲೆ ಉಳಿದ ದಾರಿ ಏನು? ಜಿನುಗುವ ನೀರೇ ಆದಷ್ಟು ಚೊಕ್ಕವಾಗಿರಬೇಕು. ಸಿಸ್ಟರ್ ನಿಮ್ಮ ತಂದೆಯ ಹಲ್ಲುಜ್ಜುತ್ತಿದ್ದದ್ದು ಇದಕ್ಕೇ. ಅವರು ನೀಟಾಗಿ ಕಾಣಲಿ ಅಂತಲೋ, ನೀವು ಬರುವ ಹೊತ್ತಿಗೆ ವಾಸನೆ ಬರದಿರಲಿ ಅಂತಲೋ ಅಲ್ಲ. ಐಸಿಯುನಲ್ಲಿ ಹಲ್ಲುಜ್ಜುವುದು ಚಿಕಿತ್ಸೆಯ ಭಾಗ. ಔಷಧಿ ಚಾರ್ಟ್‌ನಲ್ಲಿ ಬರೆದ ಇಂಜೆಕ್ಷನ್ನಿಗೆ ಎಷ್ಟು ಮರ್ಯಾದೆಯೋ ಇದಕ್ಕೂ ಅಷ್ಟೇ ಇರಬೇಕು ಅಂತ ನಾನು ಹೊಸಬರಿಗೆ ಹೇಳುತ್ತೇನೆ.

ಈಗ ಮೌತ್‌ವಾಶ್. ಇದರ ಕಥೆ ಸ್ವಲ್ಪ ಉದ್ದ, ಆದರೆ ಹೇಳಲೇಬೇಕು. ನಾನೇ ಹತ್ತಾರು ವರ್ಷ ಅದನ್ನೇ ನಂಬಿಕೊಂಡಿದ್ದೆ.

ಐಸಿಯುಗಳಲ್ಲಿ ಬಳಸುತ್ತಿದ್ದದ್ದು ಕ್ಲೋರ್‌ಹೆಕ್ಸಿಡೀನ್ ಅನ್ನುವ ಕ್ರಿಮಿನಾಶಕ ದ್ರಾವಣ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೃದಯದ ಆಪರೇಷನ್ ಆದವರಿಗೆ ಇದನ್ನು ಬಾಯಿಗೆ ಹಚ್ಚಿದಾಗ ಉಸಿರಾಟದ ಸೋಂಕು ಕಡಿಮೆಯಾಗಿತ್ತು. ಅಲ್ಲಿಂದ ಅದು ಎಲ್ಲ ಬಗೆಯ ರೋಗಿಗಳಿಗೂ ಹಬ್ಬಿತು. ಆದರೆ ಆ ಅಧ್ಯಯನದ ರೋಗಿಗಳಲ್ಲಿ ಹೆಚ್ಚಿನವರು ಬೇಗ ಟ್ಯೂಬ್ ತೆಗೆಸಿಕೊಂಡು ಹೋಗುವವರು. ನಿಮ್ಮ ತಂದೆಯ ಹಾಗೆ ವಾರಗಟ್ಟಲೆ ಮಲಗಿರುವವರ ಕಥೆ ಬೇರೆ. 2014ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ, ಹೃದಯದ ಆಪರೇಷನ್ ಬಿಟ್ಟು ಉಳಿದ ರೋಗಿಗಳಲ್ಲಿ ನ್ಯುಮೋನಿಯಾ ಕಡಿಮೆಯಾದ ಗಟ್ಟಿ ಪುರಾವೆ ಸಿಗಲಿಲ್ಲ. ಅದಕ್ಕಿಂತ ಗಾಬರಿಯ ವಿಷಯ, ಸಾವು ಸ್ವಲ್ಪ ಜಾಸ್ತಿಯಾಗಿರಬಹುದೇ ಅನ್ನುವ ಅನುಮಾನ ಬಂತು. ಆ ದ್ರಾವಣವೇ ಶ್ವಾಸಕೋಶಕ್ಕೆ ಇಳಿದು ತೊಂದರೆ ಕೊಡುತ್ತಿರಬಹುದು ಅಂತ ಕೆಲವರು ಊಹಿಸಿದರು. ಆಮೇಲೆ ಕೆನಡಾದ 6 ಐಸಿಯುಗಳಲ್ಲಿ ಕ್ಲೋರ್‌ಹೆಕ್ಸಿಡೀನ್ ಅನ್ನು ನಿಲ್ಲಿಸಿ, ಬದಲಿಗೆ ಬ್ರಷ್ ಇತ್ಯಾದಿ ಸೇರಿದ ಬಾಯಿ ಆರೈಕೆಯ ಕ್ರಮ ತಂದು ನೋಡಿದರು. 2021ರಲ್ಲಿ ಅದರ ಫಲಿತಾಂಶ ಬಂತು. ನಿಲ್ಲಿಸಿದ್ದರಿಂದ ಸಾವು ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ, ಸೋಂಕಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ಬಾಯಿಗಳ ಸ್ಥಿತಿ ಮಾತ್ರ ಸುಧಾರಿಸಿತು. 2022ರಲ್ಲಿ ಅಮೆರಿಕದ ಸೋಂಕು ತಜ್ಞರ ಸಂಘಗಳು ತಮ್ಮ ಮಾರ್ಗಸೂಚಿಯನ್ನೇ ಬದಲಿಸಿದವು: ಹಲ್ಲುಜ್ಜಿ, ಕ್ಲೋರ್‌ಹೆಕ್ಸಿಡೀನ್ ಬೇಡ.

ಹಾಗಾದರೆ ಬ್ರಷ್‌ನಿಂದ ನಿಜವಾಗಿ ಉಪಯೋಗ ಇದೆಯಾ? 2023ರ ಡಿಸೆಂಬರ್‌ನಲ್ಲಿ 15 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದ ಒಂದು ವಿಶ್ಲೇಷಣೆ ಪ್ರಕಟವಾಯಿತು. ದಿನವೂ ಹಲ್ಲುಜ್ಜಿಸಿಕೊಂಡ ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ಬರುವ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. ಐಸಿಯುನಲ್ಲಿ ಸಾಯುವವರ ಪ್ರಮಾಣ ಸುಮಾರು ಶೇಕಡಾ 19ರಷ್ಟು ಕಡಿಮೆ ಇತ್ತು. ವೆಂಟಿಲೇಟರ್ ಮೇಲಿನ ದಿನಗಳೂ ಸ್ವಲ್ಪ ಇಳಿದವು. ಲಾಭವೆಲ್ಲ ಮುಖ್ಯವಾಗಿ ವೆಂಟಿಲೇಟರ್ ಮೇಲಿದ್ದವರಿಗೇ ಕಂಡಿತು. ಇನ್ನೊಂದು ವಿಷಯ: ದಿನಕ್ಕೆ ಎರಡು ಸಲ ಉಜ್ಜುವುದಕ್ಕೂ ಮೂರು ನಾಲ್ಕು ಸಲ ಉಜ್ಜುವುದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ನಿಮ್ಮ ತಂದೆಗೆ ಎರಡು ಸಲವಷ್ಟೇ ಮಾಡುತ್ತಿದ್ದಾರೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಎರಡು ಸಲ, ಸರಿಯಾಗಿ, ಅಷ್ಟು ಸಾಕು.

ಯಾಕೆ ಬ್ರಷ್ ಗೆದ್ದು ಮೌತ್‌ವಾಶ್ ಸೋತಿತು ಅನ್ನುವುದಕ್ಕೆ ದೊಡ್ಡ ವಿಜ್ಞಾನ ಬೇಡ. ಬಾವಿಯ ಮೆಟ್ಟಿಲ ಮೇಲಿನ ಪಾಚಿ ಬರೀ ನೀರು ಸುರಿದರೆ ಹೋಗುತ್ತಾ? ತಿಕ್ಕಬೇಕು. ಹಲ್ಲಿನ ಪದರವೂ ಹಾಗೇ. ಬ್ಯಾಕ್ಟೀರಿಯಾ ತಮ್ಮ ಸುತ್ತ ಅಂಟು ಕಟ್ಟಿಕೊಂಡು ಒಳಗೆ ಕೂತಿರುತ್ತವೆ. ಮೇಲೆ ಹಚ್ಚಿದ ಔಷಧಿ ಮೇಲ್ಪದರಕ್ಕೆ ತಾಗುತ್ತದೆ, ಒಳಗಿನವು ಹಾಯಾಗಿರುತ್ತವೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅಪಘಾತವಾದ ಹುಡುಗನೊಬ್ಬ ನಮ್ಮಲ್ಲಿದ್ದ. ಪ್ರತಿ ಶಿಫ್ಟ್‌ನಲ್ಲೂ ಸ್ಪಂಜು ಕಡ್ಡಿಗೆ ಮೌತ್‌ವಾಶ್ ಅದ್ದಿ ಬಾಯಿ ಒರೆಸುತ್ತಿದ್ದೆವು. ಬಾಯಿಂದ ಪುದೀನ ವಾಸನೆ ಬರುತ್ತಿತ್ತು. ಹನ್ನೊಂದನೇ ದಿನ ಅವನ ಮುರಿದ ಹಲ್ಲು ನೋಡಲು ದಂತವೈದ್ಯೆಯೊಬ್ಬರು ಬಂದರು. ಟಾರ್ಚ್ ಹಾಕಿ ಅಂಗುಳ ನೋಡಿದವರು ಸುಮ್ಮನೆ ನಿಂತುಬಿಟ್ಟರು. ಆಮೇಲೆ ಇಕ್ಕಳದಿಂದ ಅಂಗುಳಕ್ಕೆ ಅಂಟಿದ್ದ ಒಂದು ಕಂದು ಬಣ್ಣದ ಹೊಪ್ಪಳೆಯನ್ನು ನಿಧಾನಕ್ಕೆ ಎತ್ತಿ ತೆಗೆದರು. ನಾಣ್ಯದಷ್ಟು ಅಗಲ, ಒಣಗಿದ ಗೋಂದಿನ ಹಾಗೆ. ಅದರ ಅಡಿಯಲ್ಲಿ ಚರ್ಮ ಕೆಂಪಗೆ ಹಸಿಯಾಗಿತ್ತು. ನಮ್ಮ ಚಾರ್ಟ್‌ನಲ್ಲಿ ಹನ್ನೊಂದು ದಿನವೂ ಬಾಯಿ ಸ್ವಚ್ಛ ಅಂತ ಟಿಕ್ ಬಿದ್ದಿತ್ತು. ಅದರಲ್ಲಿ ಕೆಲವು ಟಿಕ್ ನನ್ನವೇ. ಆವತ್ತಿನಿಂದ ಟಾರ್ಚ್ ಹಾಕದೆ ನಾನು ಯಾರ ಬಾಯಿಯನ್ನೂ ಶುರು ಮಾಡಿಲ್ಲ.

ನಿಮಗೆ ಭಯ ಹೋಗಬೇಕಾದರೆ ಆ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಾಗಬೇಕು. ನಾನು ಮಾಡುವ ರೀತಿ ಹೇಳುತ್ತೇನೆ.

ಮೊದಲು ಹಾಸಿಗೆಯ ತಲೆಭಾಗ ಎತ್ತರವಾಗಿದೆಯಾ ನೋಡುತ್ತೇನೆ. ಕೈ ತೊಳೆದು ಗ್ಲೌಸ್ ಹಾಕುತ್ತೇನೆ. ಎಚ್ಚರ ಇರಲಿ ಬಿಡಲಿ, ಅವರಿಗೆ ಹೇಳುತ್ತೇನೆ: "ಸರ್, ಹಲ್ಲುಜ್ಜುತ್ತೀನಿ. ಸ್ವಲ್ಪ ಕೆಮ್ಮು ಬರಬಹುದು, ಹೆದರ್ಕೋಬೇಡಿ." ಟ್ಯೂಬ್ ಮೇಲೆ ಸ್ಕೇಲಿನ ಹಾಗೆ ಸೆಂಟಿಮೀಟರ್ ಗುರುತುಗಳಿವೆ. ಹಲ್ಲಿನ ಹತ್ತಿರ ಯಾವ ಅಂಕಿ ಇದೆ ಅಂತ ನೋಡಿ ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ. 22 ಇದ್ದರೆ ಕೆಲಸ ಮುಗಿದ ಮೇಲೂ 22 ಇರಬೇಕು. ಬಲೂನಿನ ಒತ್ತಡ ನೋಡುತ್ತೇನೆ, ಕಡಿಮೆ ಇದ್ದರೆ ಸರಿ ಮಾಡಿದ ಮೇಲೇ ಮುಂದಿನ ಕೆಲಸ. ರೋಗಿ ಚಡಪಡಿಸುವವರಾದರೆ ಇನ್ನೊಬ್ಬರನ್ನು ಕರೆದು ಟ್ಯೂಬ್ ಹಿಡಿದುಕೊಳ್ಳಲು ಹೇಳುತ್ತೇನೆ.

ಆಮೇಲೆ ಟಾರ್ಚ್. ತುಟಿಯ ಮೂಲೆ, ಒಸಡು, ಅಂಗುಳ, ನಾಲಿಗೆಯ ಅಡಿ, ಟ್ಯೂಬ್ ಒತ್ತುವ ಜಾಗ. ಹುಣ್ಣಿದೆಯಾ, ಬಿಳಿ ಪದರ ಇದೆಯಾ, ಹಲ್ಲು ಅಲ್ಲಾಡುತ್ತಿದೆಯಾ. ಅಲ್ಲಾಡುವ ಹಲ್ಲು ಉದುರಿ ಒಳಗೆ ಹೋದರೆ ದೊಡ್ಡ ತಲೆನೋವು. ನಂತರ ಸಕ್ಷನ್ ಕಡ್ಡಿಯಿಂದ ಗಂಟಲಿನ ಹಿಂದೆ ನಿಂತಿರುವುದನ್ನು ಎಳೆದು ತೆಗೆಯುತ್ತೇನೆ. ಇದನ್ನು ಮೊದಲೇ ಮಾಡದೆ ಬ್ರಷ್ ಹಾಕಿದರೆ ಅಲ್ಲಿದ್ದದ್ದನ್ನು ನಾವೇ ಕೆಳಗೆ ತಳ್ಳಿದ ಹಾಗಾಗುತ್ತದೆ.

ಬ್ರಷ್ ಚಿಕ್ಕದಿರಬೇಕು, ಮೃದುವಾಗಿರಬೇಕು. ಮಕ್ಕಳ ಬ್ರಷ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಟ್ಯೂಬ್‌ನ ಪಕ್ಕದ ಇಕ್ಕಟ್ಟಿನಲ್ಲಿ ದೊಡ್ಡದು ತಿರುಗುವುದೇ ಇಲ್ಲ. ಸಕ್ಷನ್ ಜೋಡಿಸಿರುವ ಬ್ರಷ್‌ಗಳೂ ಸಿಗುತ್ತವೆ, ಅವು ಇದ್ದರೆ ಒಂದು ಕೈ ಉಳಿಯುತ್ತದೆ. ಸ್ಟೆರೈಲ್ ನೀರಿನಲ್ಲಿ ಬ್ರಷ್ ಒದ್ದೆ ಮಾಡಿ, ಪೇಸ್ಟ್ ಹಾಕಿದರೂ ಕಡಲೆಕಾಳಿಗಿಂತ ಕಡಿಮೆ. ನೊರೆ ಜಾಸ್ತಿಯಾದರೆ ಏನೂ ಕಾಣಿಸುವುದಿಲ್ಲ, ತೆಗೆಯುವುದೂ ಕಷ್ಟ. ಒಸಡು ಮತ್ತು ಹಲ್ಲು ಸೇರುವ ಗೆರೆಗೆ ಬ್ರಷ್ಷನ್ನು ಓರೆಯಾಗಿ ಹಿಡಿದು ಚಿಕ್ಕ ಚಿಕ್ಕ ಸುತ್ತು. ಪದರ ಜಾಸ್ತಿ ಕೂರುವುದು ಅಲ್ಲೇ. ಹೊರಮೈ, ಒಳಮೈ, ಅಗಿಯುವ ಮೈ. ಕೊನೆಗೆ ನಾಲಿಗೆ, ಹಿಂದಿನಿಂದ ಮುಂದಕ್ಕೆ. ಅಷ್ಟೂ ಹೊತ್ತು ಸಕ್ಷನ್ ಬಾಯಲ್ಲಿ ಓಡುತ್ತಲೇ ಇರುತ್ತದೆ. ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು ತಕ್ಷಣ ಎಳೆದುಕೊಳ್ಳುತ್ತೇನೆ. ಎಲ್ಲ ಸೇರಿ ನಾಲ್ಕೈದು ನಿಮಿಷ. ಕೆಮ್ಮು ಬಂದರೆ ಬ್ರಷ್ ಹೊರಗೆ ತೆಗೆದು ಕಾಯುತ್ತೇನೆ. ನಿಮ್ಮ ತಂದೆಯಂಥವರಲ್ಲಿ ಕೆಮ್ಮಿದಾಗ ತಲೆಬುರುಡೆಯೊಳಗಿನ ಒತ್ತಡ ಸ್ವಲ್ಪ ಹೊತ್ತು ಏರಬಹುದು. ಅದಕ್ಕೇ ಒಂದು ಕಣ್ಣು ಮಾನಿಟರ್ ಮೇಲೆ ಇರುತ್ತದೆ, ಒಂದೇ ಸಮ ಉಜ್ಜದೆ ಬಿಟ್ಟು ಬಿಟ್ಟು ಮಾಡುತ್ತೇವೆ. ಒತ್ತಡ ತೀರಾ ಜಾಸ್ತಿ ಇರುವ ದಿನಗಳಲ್ಲಿ ಯಾವಾಗ ಮಾಡಬೇಕು ಅಂತ ಡಾಕ್ಟರನ್ನು ಕೇಳಿಯೇ ಮಾಡುತ್ತೇವೆ.

ಮುಗಿದ ಮೇಲೆ ತುಟಿಗೆ, ಕೆನ್ನೆಯ ಒಳಭಾಗಕ್ಕೆ ನೀರಿನಂಶದ ಜೆಲ್. ಇದನ್ನು ಹಗಲೂ ರಾತ್ರಿ ಎರಡರಿಂದ ನಾಲ್ಕು ಗಂಟೆಗೊಮ್ಮೆ ಹಚ್ಚಬೇಕು, ಅದಕ್ಕೆ ಬ್ರಷ್ ಬೇಡ. ಹಳೆಯ ಕಾಲದ ಗ್ಲಿಸರಿನ್ ನಿಂಬೆ ಕಡ್ಡಿಗಳನ್ನು ನಾವು ಬಿಟ್ಟಿದ್ದೇವೆ, ಅವು ಬಾಯಿಯನ್ನು ಇನ್ನಷ್ಟು ಒಣಗಿಸುತ್ತವೆ, ಹುಳಿ ಹಲ್ಲಿಗೂ ಒಳ್ಳೆಯದಲ್ಲ. ಟ್ಯೂಬ್ ಒಂದೇ ಕಡೆ ಒತ್ತಿ ತುಟಿ ಹುಣ್ಣಾಗದಿರಲಿ ಅಂತ ಇಬ್ಬರು ಸೇರಿ ಅದನ್ನು ಬಾಯಿಯ ಇನ್ನೊಂದು ಮೂಲೆಗೆ ಸರಿಸುವುದೂ ಉಂಟು. ಕೊನೆಗೆ ಮತ್ತೆ ಆ ಅಂಕಿ: 22.

ಒಸಡಿನಿಂದ ಸ್ವಲ್ಪ ರಕ್ತ ಬಂದರೆ ಹೆದರಬೇಡಿ. ಉಜ್ಜದೆ ಬಿಟ್ಟ ಒಸಡು ಊದಿಕೊಂಡಿರುತ್ತದೆ, ಮೊದಲ ಕೆಲವು ದಿನ ಹನಿ ರಕ್ತ ಕಾಣುತ್ತದೆ, ಆಮೇಲೆ ನಿಲ್ಲುತ್ತದೆ. ಪ್ಲೇಟ್‌ಲೆಟ್ ತುಂಬಾ ಕಡಿಮೆ ಇದ್ದರೆ ಮಾತ್ರ ಬ್ರಷ್ ಬಿಟ್ಟು ಒದ್ದೆ ಗಾಜ್ ಬಳಸುತ್ತೇವೆ.

ಬಾಯಿಯೊಂದೇ ಎಲ್ಲವನ್ನೂ ತಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರ ಇರಬೇಕು. ಬಾರ್ಸಿಲೋನಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಪ್ಪಟೆ ಮಲಗಿಸಿದ 47 ಜನರಲ್ಲಿ 16 ಮಂದಿಗೆ ನ್ಯುಮೋನಿಯಾದ ಲಕ್ಷಣ ಕಂಡಿತು. ಅರ್ಧ ಕೂರಿಸಿದ 39 ಜನರಲ್ಲಿ ಬರೀ 3 ಮಂದಿಗೆ. ಹೊಟ್ಟೆಯಲ್ಲಿರುವುದು ಮೇಲಕ್ಕೆ ಬರದಿರಲಿ ಅನ್ನುವುದೇ ಇದರ ಉದ್ದೇಶ. ದಿನವೂ ನಿದ್ದೆ ಔಷಧಿ ಕಡಿಮೆ ಮಾಡಿ, ತಾವೇ ಉಸಿರಾಡುತ್ತಾರಾ ಅಂತ ಪರೀಕ್ಷೆ ಮಾಡುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಟ್ಯೂಬ್ ಒಂದು ದಿನ ಬೇಗ ಹೊರಬಂದರೆ ಅಪಾಯದ ಒಂದು ದಿನ ಕಡಿಮೆ. ಕೆಲವು ಟ್ಯೂಬ್‌ಗಳಲ್ಲಿ ಬಲೂನಿನ ಮೇಲೆ ನಿಂತ ಜೊಲ್ಲನ್ನು ಎಳೆಯಲು ಬೇರೆ ದಾರಿಯೇ ಇರುತ್ತದೆ. ಮಿಷನ್ನಿನ ಪೈಪುಗಳಲ್ಲಿ ಕಟ್ಟುವ ನೀರನ್ನು ರೋಗಿಯ ಕಡೆ ಹರಿಯಲು ಬಿಡಬಾರದು. ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಎಲ್ಲರೂ ಕೈ ತೊಳೆಯಬೇಕು.

ಆಸ್ಪತ್ರೆಯವರ ತಪ್ಪಾ ಅಂತ ಕೇಳಿದ್ದೀರಿ. ನಾನು ನಿಮ್ಮ ತಂದೆಯನ್ನು ನೋಡಿಲ್ಲ, ಹಾಗಾಗಿ ಅದಕ್ಕೆ ತೀರ್ಪು ಕೊಡುವುದು ಸರಿಯಲ್ಲ. ಆದರೆ ಗೊತ್ತಿರುವುದನ್ನು ಹೇಳುತ್ತೇನೆ. ಟ್ಯೂಬ್ ಹಾಕಿ 48 ಗಂಟೆ ದಾಟಿದ ಮೇಲೆ ಬರುವ ನ್ಯುಮೋನಿಯಾವನ್ನು ವೆಂಟಿಲೇಟರ್ ನ್ಯುಮೋನಿಯಾ ಅಂತ ಕರೆಯುತ್ತಾರೆ. ಎಲ್ಲವನ್ನೂ ಚಾಚೂ ತಪ್ಪದೆ ಮಾಡುವ ಕಡೆಯೂ ಕೆಲವರಿಗೆ ಅದು ಬರುತ್ತದೆ. ಅದೂ ಅಲ್ಲದೆ, ಮೆದುಳಿನಲ್ಲಿ ರಕ್ತಸ್ರಾವವಾಗಿ ಎಚ್ಚರ ತಪ್ಪಿದ ಕ್ಷಣದಲ್ಲೇ, ಇನ್ನೂ ಆಸ್ಪತ್ರೆ ಮುಟ್ಟುವ ಮೊದಲೇ, ವಾಂತಿಯೋ ಜೊಲ್ಲೋ ಶ್ವಾಸಕೋಶಕ್ಕೆ ಇಳಿದಿರುವ ಸಾಧ್ಯತೆ ಇರುತ್ತದೆ. ಆ ಬೀಜ ಮನೆಯಲ್ಲೇ ಬಿದ್ದಿರಬಹುದು. ಅದು ನಿಮ್ಮ ತಪ್ಪೂ ಅಲ್ಲ. ಈಗ ಕೇಳಬೇಕಾದದ್ದು ಬೇರೆ: ಕಫ ಪರೀಕ್ಷೆಗೆ ಕಳಿಸಿದ್ದಾರಾ, ರಿಪೋರ್ಟ್ ನೋಡಿ ಆಂಟಿಬಯಾಟಿಕ್ ಬದಲಿಸಿದ್ದಾರಾ, ಎಷ್ಟು ದಿನ ಕೊಡುತ್ತಾರೆ. ಸಾಮಾನ್ಯವಾಗಿ ಏಳು ದಿನದ ಕೋರ್ಸ್ ಸಾಕಾಗುತ್ತದೆ, ಕೆಲವರಿಗೆ ಡಾಕ್ಟರ್ ಹೆಚ್ಚು ಕಡಿಮೆ ಮಾಡುತ್ತಾರೆ. ನ್ಯುಮೋನಿಯಾ ಬಂದಾಗಿದೆ, ಇನ್ನು ಉಜ್ಜಿ ಏನು ಪ್ರಯೋಜನ ಅಂತ ಮಾತ್ರ ಅಂದುಕೊಳ್ಳಬೇಡಿ. ಜಿನುಗುವುದು ನಿಂತಿಲ್ಲ, ಎರಡನೇ ಸಲ ಬರುವುದೂ ಉಂಟು.

ನೀವು ಏನು ಮಾಡಬಹುದು? ನಿಮ್ಮಿಂದ ಆಗುವುದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. ನಿಮ್ಮ ತಂದೆಯ ಬಾಯಿ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಟ್ಟಿಸಿದ ಹಲ್ಲು ಇತ್ತಾ? ತೆಗೆದಿಟ್ಟಿದ್ದರೆ ಎಲ್ಲಿದೆ, ತೊಳೆದು ನೀರಿನಲ್ಲಿ ಇಟ್ಟಿದ್ದಾರಾ ಕೇಳಿ. ಯಾವುದಾದರೂ ಹಲ್ಲು ಅಲ್ಲಾಡುತ್ತಿತ್ತಾ, ಒಸಡಿನಿಂದ ರಕ್ತ ಬರುತ್ತಿತ್ತಾ, ತಂಬಾಕು ಅಭ್ಯಾಸ ಇತ್ತಾ? ಸಂಕೋಚ ಪಡದೆ ಹೇಳಿ. ಯಾರೂ ಬೈಯುವುದಿಲ್ಲ, ನಮ್ಮ ಕೆಲಸ ಸುಲಭವಾಗುತ್ತದೆ. ಒಳಗೆ ಹೋಗುವಾಗ, ಹೊರಗೆ ಬರುವಾಗ ಕೈ ತೊಳೆಯಿರಿ. ಅಪ್ಪ ಜಾರಿದ ಹಾಗೆ ಕಾಣುತ್ತಾರೆ, ಕತ್ತು ಸೋತಿದೆ ಅಂತ ನೀವೇ ಹಾಸಿಗೆಯನ್ನು ಚಪ್ಪಟೆ ಮಾಡಬೇಡಿ, ಸಿಸ್ಟರನ್ನು ಕರೆಯಿರಿ. ತುಟಿ ಒಣಗಿದೆ ಅಂತ ಪ್ರೀತಿಯಿಂದ ಎರಡು ಹನಿ ನೀರು ಬಾಯಿಗೆ ಬಿಡುವುದು ದಯವಿಟ್ಟು ಬೇಡ. ಅದು ಎಲ್ಲಿಗೆ ಹೋಗುತ್ತದೆ ಅಂತ ಈಗ ನಿಮಗೆ ಗೊತ್ತು. ಬದಲಿಗೆ, ತುಟಿಗೆ ಜೆಲ್ ನಾನು ಹಚ್ಚಬಹುದಾ ಅಂತ ಕೇಳಿ. ಬಹಳಷ್ಟು ಕಡೆ ಒಪ್ಪುತ್ತಾರೆ, ಹೇಗೆ ಅಂತ ತೋರಿಸಿಯೂ ಕೊಡುತ್ತಾರೆ. ಹಲ್ಲುಜ್ಜುವುದನ್ನು ಮಾತ್ರ ಅವರಿಗೇ ಬಿಡಿ. ಮನೆಯಿಂದ ಮೌತ್‌ವಾಶ್ ತರುವುದೂ ಬೇಡ.

ಕೇಳುವ ರೀತಿಯೂ ಮುಖ್ಯ. ರಾತ್ರಿ ಪಾಳಿ ಮುಗಿಸಿದ ಸಿಸ್ಟರಿಗೆ "ನೀವು ಸರಿಯಾಗಿ ಮಾಡ್ತಾ ಇದ್ದೀರಾ?" ಅಂದರೆ ನೋವಾಗುತ್ತದೆ. "ಸಿಸ್ಟರ್, ಅಪ್ಪನ ಬಾಯಿ ಹೇಗಿದೆ? ಹುಣ್ಣೇನಾದರೂ ಆಗಿದೆಯಾ?" ಅಂತ ಕೇಳಿ ನೋಡಿ. ಬಾಯಿಯೊಳಗೆ ನೋಡಿದವರಿಗೆ ಮಾತ್ರ ಅದಕ್ಕೆ ಉತ್ತರ ಗೊತ್ತಿರುತ್ತದೆ. ಇವತ್ತು ನೋಡಿಲ್ಲದಿದ್ದರೆ, ನೀವು ಕೇಳಿದ ಮೇಲೆ ನೋಡುತ್ತಾರೆ. ನನ್ನನ್ನು ಯಾರಾದರೂ ಹಾಗೆ ಕೇಳಿದಾಗ ನನಗೆ ಖುಷಿಯೇ ಆಗುತ್ತದೆ.

ಇನ್ನು ಕತ್ತಿನ ಟ್ಯೂಬ್. ಟ್ರೆಕಿಯಾಸ್ಟಮಿ ಅಂದ ತಕ್ಷಣ ಮನೆಯವರು ಕುಸಿದುಹೋಗುತ್ತಾರೆ. ಬಾಯಿಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಅನುಕೂಲವೇ ಜಾಸ್ತಿ. ಬಾಯಿ ಖಾಲಿಯಾಗುತ್ತದೆ, ತುಟಿ ಮುಚ್ಚುತ್ತದೆ, ಬ್ರಷ್ ಎಲ್ಲ ಮೂಲೆಗೂ ಹೋಗುತ್ತದೆ, ನಿದ್ದೆ ಔಷಧಿಯೂ ಕಡಿಮೆ ಸಾಕಾಗುತ್ತದೆ. ಆದರೆ ಆ ಟ್ಯೂಬ್‌ಗೂ ಬಲೂನು ಇದೆ, ಜೊಲ್ಲು ಅದರ ಮೇಲೂ ನಿಲ್ಲುತ್ತದೆ. ಹಾಗಾಗಿ ದಿನಕ್ಕೆರಡು ಸಲ ಹಲ್ಲುಜ್ಜುವುದು ನಿಲ್ಲಬಾರದು. ಮುಂದೆ ವೆಂಟಿಲೇಟರ್ ಬಿಡಿಸಿ ವಾರ್ಡ್‌ಗೆ ಕಳಿಸಿದ ಮೇಲೂ ಅಷ್ಟೇ. ನುಂಗುವ ಶಕ್ತಿ ಪರೀಕ್ಷೆ ಮಾಡಿ ಸರಿ ಅನ್ನುವವರೆಗೆ ಬಾಯಿಂದ ಏನೂ ಕೊಡಬೇಡಿ, ಆದರೆ ಬ್ರಷ್ ಬಿಡಬೇಡಿ. ವಾರ್ಡ್‌ನಲ್ಲಿ ಸಿಸ್ಟರುಗಳ ಸಂಖ್ಯೆ ಕಡಿಮೆ. ಅಲ್ಲಿ ಈ ಕೆಲಸ ನಿಮ್ಮ ಕೈಗೇ ಬರಬಹುದು. ಐಸಿಯು ಬಿಡುವ ಮೊದಲು ಒಂದು ಸಲ ಪಕ್ಕದಲ್ಲಿ ನಿಂತು ಕಲಿತುಕೊಳ್ಳಿ.

ನಾಳೆ ಹೋಗುವಾಗ ಮೃದುವಾದ ಒಂದು ಮಕ್ಕಳ ಬ್ರಷ್ ತೆಗೆದುಕೊಂಡು ಹೋಗಿ. ಅದರ ಮೇಲೆ ಅಪ್ಪನ ಹೆಸರು, ಬೆಡ್ ನಂಬರ್ ಬರೆದು ಅಂಟಿಸಿ. ಅಲ್ಲಿ ಆಗಲೇ ಇದ್ದರೆ ವಾಪಸ್ ತನ್ನಿ, ವಾರ್ಡ್‌ಗೆ ಬಂದಾಗ ಬೇಕಾಗುತ್ತದೆ. ಸಿಸ್ಟರ್ ಉಜ್ಜುವ ಹೊತ್ತಿಗೆ ನೀವು ಒಳಗಿದ್ದರೆ ಹೊರಗೆ ಹೋಗಬೇಡಿ. ಅಪ್ಪನ ಕೈ ಹಿಡಿದು ನಿಂತು, ಕೆಮ್ಮು ಬಂದಾಗ "ಏನಿಲ್ಲ ಅಪ್ಪಾ, ಹಲ್ಲುಜ್ಜುತ್ತಾ ಇದ್ದಾರೆ" ಅಂತ ಹೇಳಿ. ಪರಿಚಿತ ದನಿ ಕೇಳಿ ಚಡಪಡಿಕೆ ಕಡಿಮೆಯಾದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.